ಗಡಿ ದಾಟಿದರೂ ಚಮಚ ಒಂದೇ: ವಿಟಮಿನ್ 'ಎ' ಕೊಡುವ ಮುನ್ನ ತಿಳಿದಿರಬೇಕಾದದ್ದು

ಮಂಜೇಶ್ವರದ ಸೊಸೆಗೆ ಬಂಟ್ವಾಳದಲ್ಲಿ ತವರು. ಜತ್ತದ ಮಗಳನ್ನು ಕೊಟ್ಟದ್ದು ವಿಜಯಪುರದ ಕಡೆಗೆ. ತಾಳವಾಡಿಯವರಿಗೆ ಚಾಮರಾಜನಗರದಲ್ಲಿ ಬೀಗರು, ಆದವಾನಿಯವರಿಗೆ ಬಳ್ಳಾರಿಯಲ್ಲಿ. ಗಡಿನಾಡಿನ ನಮಗೆ ಇದೇನೂ ಹೊಸದಲ್ಲ. ಹೆರಿಗೆ ಒಂದು ರಾಜ್ಯದಲ್ಲಿ, ಬಾಣಂತನ ಇನ್ನೊಂದು ರಾಜ್ಯದಲ್ಲಿ, ಮಗುವಿನ ಚುಚ್ಚುಮದ್ದು ಎಲ್ಲಿ ಅನುಕೂಲವೋ ಅಲ್ಲಿ.

ಚುಚ್ಚುಮದ್ದಿನ ಮಟ್ಟಿಗೆ ಇದು ಹೇಗೋ ನಡೆದುಹೋಗುತ್ತದೆ. ಆದರೆ ಅಂಗನವಾಡಿಯಲ್ಲಿ ಚಮಚದಲ್ಲಿ ಕುಡಿಸುವ ವಿಟಮಿನ್ 'ಎ' ದ್ರಾವಣದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಮಗುವಿಗೆ ಗಂಡನ ಮನೆಯ ಊರಿನಲ್ಲಿ ಹೋದ ತಿಂಗಳಷ್ಟೇ ಒಂದು ಚಮಚ ಕುಡಿಸಿರುತ್ತಾರೆ. ಈ ತಿಂಗಳು ಅಜ್ಜಿ ಮನೆಗೆ ಬಂದಾಗ ಅಲ್ಲಿನ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು "ಮಗುವಿಗೆ ವಿಟಮಿನ್ ಆಗಿದೆಯಾ?" ಎಂದು ಕೇಳುತ್ತಾರೆ. ಕಾರ್ಡು ಆ ಊರಿನಲ್ಲಿ ಉಳಿದಿದೆ, ತಾಯಿ ಕೊಟ್ಟಿಗೆಯಲ್ಲಿದ್ದಾಳೆ. "ಸರಕಾರದವರು ಕೊಡುವ ಔಷಧಿ ತಾನೆ, ಇನ್ನೊಂದು ಚಮಚ ಕುಡಿದರೆ ಒಳ್ಳೆಯದೇ ಆಯಿತು" ಎಂದು ಅಜ್ಜಿ ಮಗುವನ್ನು ಎತ್ತಿ ಕೊಡುತ್ತಾರೆ.

ಒಳ್ಳೆಯದೇ ಆಯಿತೇ? ಈ ಲೇಖನ ಅದರ ಬಗ್ಗೆ.

ಮೊದಲೇ ಚುಟುಕಾಗಿ ಉತ್ತರ ಹೇಳಿಬಿಡೋಣ. ಒಂದು ಸಲ ಹೀಗಾದರೆ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ವಿಟಮಿನ್ 'ಎ' ಎಷ್ಟು ಕುಡಿದರೂ ಒಳ್ಳೆಯದು ಎನ್ನುವ ಔಷಧಿಯಲ್ಲ. ಅದು ಕಡಿಮೆಯಾದರೆ ಕಣ್ಣಿಗೆ ಅಪಾಯ, ಹೆಚ್ಚಾದರೆ ಲಿವರಿಗೆ, ಮೂಳೆಗೆ, ಬಸುರಿಯರಲ್ಲಿ ಹೊಟ್ಟೆಯೊಳಗಿನ ಮಗುವಿಗೆ ಅಪಾಯ. ಆದ್ದರಿಂದ ಇದರಲ್ಲಿ ಮುಖ್ಯವಾದದ್ದು ಎರಡೇ ಎರಡು: ಅಳತೆ ಮತ್ತು ತಾರೀಕು.

ಕಡಿಮೆಯಾದರೆ ಏನಾಗುತ್ತದೆ?

ಹಗಲಿಡೀ ಆಡಿಕೊಂಡಿದ್ದ ಮಗು ಸಂಜೆಯಾಗುತ್ತಲೇ ಗೋಡೆ ತಡಕುತ್ತದೆ. ಮುಂದಿಟ್ಟ ತಟ್ಟೆ ಕಾಣದೆ ಅಕ್ಕಪಕ್ಕ ಕೈಯಾಡಿಸುತ್ತದೆ. ನಾವು ಇದನ್ನು ಇರುಳುಗಣ್ಣು ಎನ್ನುತ್ತೇವೆ. ತಮಿಳಿನಲ್ಲಿ ಮಾಲೈಕ್ಕಣ್, ತೆಲುಗಿನಲ್ಲಿ ರೇಚೀಕಟಿ, ಮರಾಠಿಯಲ್ಲಿ ರಾತಾಂಧಳೇಪಣಾ, ಮಲಯಾಳದಲ್ಲಿ ನಿಶಾಂಧತ. ಹೆಸರು ಯಾವುದಾದರೂ ಕಾಯಿಲೆ ಒಂದೇ. ನರ್ಸಮ್ಮನ ಬಳಿ ಯಾವ ಭಾಷೆಯಲ್ಲಿ ಹೇಳಿದರೂ ಸರಿ, ಹೇಳುವುದು ಮುಖ್ಯ.

ಮಂದ ಬೆಳಕಿನಲ್ಲಿ ನೋಡಲು ಕಣ್ಣಿನ ಒಳಪರದೆಗೆ ಒಂದು ಬಗೆಯ ಬಣ್ಣದ ವಸ್ತು ಬೇಕು. ಅದು ತಯಾರಾಗುವುದು ವಿಟಮಿನ್ 'ಎ'ಯಿಂದ. ಕೊರತೆ ಮುಂದುವರಿದರೆ ಕಣ್ಣಿನ ಬಿಳಿ ಭಾಗ ಒಣಗಿ ಹೊಳಪು ಕಳೆದುಕೊಳ್ಳುತ್ತದೆ. ಸೋಪಿನ ನೊರೆ ಅಂಟಿದಂತೆ ಬೂದು ಬಿಳುಪಿನ ಮಚ್ಚೆ ಕಾಣಿಸುತ್ತದೆ. ಇದಕ್ಕೆ ಡಾಕ್ಟರುಗಳು ಬಿಟಾಟ್ ಮಚ್ಚೆ ಎನ್ನುತ್ತಾರೆ. ಇಲ್ಲಿಯವರೆಗೆ ಬಂದದ್ದನ್ನು ಔಷಧಿಯಿಂದ ಸರಿಪಡಿಸಬಹುದು. ಇದನ್ನೂ ದಾಟಿ ಕರಿಗುಡ್ಡೆಯ ಮೇಲೆ ಹುಣ್ಣಾಗಿ ಅದು ಕರಗತೊಡಗಿದರೆ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಕಣ್ಣು ಮಾತ್ರವಲ್ಲ. ಶ್ವಾಸನಾಳ ಮತ್ತು ಕರುಳಿನ ಒಳಪದರ ಗಟ್ಟಿಯಾಗಿರಲು, ರೋಗಗಳ ವಿರುದ್ಧ ಹೋರಾಡಲು ಕೂಡ ವಿಟಮಿನ್ 'ಎ' ಬೇಕು. ಕೊರತೆಯಿರುವ ಮಗುವಿಗೆ ಭೇದಿ ಅಥವಾ ದಡಾರ ಬಂದರೆ ಬೇರೆ ಮಕ್ಕಳಿಗಿಂತ ಹೆಚ್ಚು ಕಷ್ಟವಾಗುತ್ತದೆ. ದಡಾರಕ್ಕೂ ಇದಕ್ಕೂ ಒಂದು ವಿಷಚಕ್ರವಿದೆ. ದಡಾರ ಬಂದಾಗ ಶರೀರದಲ್ಲಿರುವ ಅಷ್ಟಿಷ್ಟು ವಿಟಮಿನ್ 'ಎ' ಕೂಡ ಬೇಗ ಖರ್ಚಾಗುತ್ತದೆ, ಅದು ಖರ್ಚಾದರೆ ದಡಾರ ಕಣ್ಣಿಗೆ ಇಳಿಯುತ್ತದೆ. ಹಿಂದಿನ ತಲೆಮಾರಿನಲ್ಲಿ ದಡಾರ ಬಂದು ಕಣ್ಣು ಹೋಯಿತು ಎನ್ನುತ್ತಿದ್ದ ಎಷ್ಟೋ ಪ್ರಕರಣಗಳ ಹಿಂದೆ ಇದ್ದದ್ದು ಇದೇ.

ಕೂನೂರಿನಿಂದ ಹೈದರಾಬಾದಿಗೆ

ಈ ಸಂಶೋಧನೆಯ ಕತೆಗೂ ನಮ್ಮ ಗಡಿನಾಡಿಗೂ ಒಂದು ನಂಟಿದೆ. ಭಾರತದಲ್ಲಿ ಆಹಾರ ಮತ್ತು ಪೋಷಣೆಯ ವೈಜ್ಞಾನಿಕ ಅಧ್ಯಯನ ಶುರುವಾದದ್ದು ಬಡಗರ ನಾಡಾದ ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಆರಂಭಿಸಿದ ಪ್ರಯೋಗಾಲಯವೇ ಮುಂದೆ ದೊಡ್ಡದಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ವಿಟಮಿನ್ 'ಎ' ಕೊಬ್ಬಿನಲ್ಲಿ ಕರಗುವಂಥದ್ದು. 'ಬಿ' ಗುಂಪಿನ ಹೆಚ್ಚಿನ ವಿಟಮಿನ್‌ಗಳು, 'ಸಿ' ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೊರಹೋಗುತ್ತವೆ. 'ಎ' ಹಾಗಲ್ಲ. ಅದು ಲಿವರಿನಲ್ಲಿ ಉಳಿದುಕೊಂಡು, ಬೇಕಾದಾಗ ಬೇಕಾದಷ್ಟು ರಕ್ತಕ್ಕೆ ಬರುತ್ತದೆ. ಸುಗ್ಗಿಯಲ್ಲಿ ತುಂಬಿದ ಕಣಜದಿಂದ ಮಳೆಗಾಲವಿಡೀ ಅಕ್ಕಿ ತೆಗೆದಂತೆ. ಹಾಗಾದರೆ ಬಡ ಮಕ್ಕಳಿಗೆ ದಿನದಿನ ಕೊಡುವ ಬದಲು ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದೇ ಈಗಿನ ಕಾರ್ಯಕ್ರಮ. 1970ರಲ್ಲಿ ಕೇಂದ್ರ ಸರಕಾರ ಇದನ್ನು ಜಾರಿಗೆ ತಂದಿತು.

ಲೆಕ್ಕ ನೋಡಿ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 390 ಮೈಕ್ರೋಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಅಂಗನವಾಡಿಯಲ್ಲಿ ಕುಡಿಸುವ ಒಂದು ಪೂರ್ತಿ ಚಮಚದಲ್ಲಿ 2 ಲಕ್ಷ ಯೂನಿಟ್, ಅಂದರೆ 60,000 ಮೈಕ್ರೋಗ್ರಾಂ ಇರುತ್ತದೆ. ಭಾಗಿಸಿದರೆ 150 ದಿನಕ್ಕೂ ಹೆಚ್ಚು. ಸುಮಾರು ಐದು ತಿಂಗಳ ಬುತ್ತಿ ಒಂದೇ ಚಮಚದಲ್ಲಿ! ಹಾಗಾಗಿಯೇ ಆರು ತಿಂಗಳ ಅಂತರ. ಹಾಗಾಗಿಯೇ ಎಚ್ಚರ ಕೂಡ.

ಯಾವಾಗ, ಎಷ್ಟು?

ಕಾಸರಗೋಡಿನಲ್ಲಿದ್ದರೂ, ಹೊಸೂರಿನಲ್ಲಿದ್ದರೂ, ಅಕ್ಕಲಕೋಟೆಯಲ್ಲಿದ್ದರೂ, ಮಡಕಶಿರದಲ್ಲಿದ್ದರೂ ಪಟ್ಟಿ ಒಂದೇ. ಇದು ರಾಷ್ಟ್ರೀಯ ವೇಳಾಪಟ್ಟಿ.

* 9 ತಿಂಗಳು ತುಂಬಿದಾಗ, ದಡಾರ-ರುಬೆಲ್ಲಾ ಲಸಿಕೆಯ ಜತೆಗೆ: 1 ಮಿ.ಲೀ. (1 ಲಕ್ಷ ಯೂನಿಟ್)
* 16ರಿಂದ 18 ತಿಂಗಳಲ್ಲಿ: 2 ಮಿ.ಲೀ. (2 ಲಕ್ಷ ಯೂನಿಟ್)
* ಆಮೇಲೆ ಮಗುವಿಗೆ 5 ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ: ಪ್ರತಿ ಸಲ 2 ಮಿ.ಲೀ.

ಒಟ್ಟು 9 ಸಲ. ಎಲ್ಲ ಸೇರಿ 17 ಲಕ್ಷ ಯೂನಿಟ್. ಹಲವು ಕಡೆ ವರ್ಷಕ್ಕೆ ಎರಡು ಬಾರಿ ಅಭಿಯಾನ ಮಾಡಿ ಎಲ್ಲ ಮಕ್ಕಳಿಗೂ ಒಟ್ಟಿಗೆ ಕುಡಿಸುತ್ತಾರೆ. ಎರಡು ರಾಜ್ಯಗಳ ಅಭಿಯಾನ ಒಂದೇ ತಿಂಗಳಲ್ಲಿ ನಡೆಯಬೇಕೆಂದಿಲ್ಲ. ಗಡಿಯ ಮಕ್ಕಳಿಗೆ ಎರಡೆರಡು ಸಲ ಸಿಗುವುದು ಹೀಗೆಯೇ. ಎರಡೂ ಕಡೆ ತಪ್ಪಿಹೋಗುವುದೂ ಹೀಗೆಯೇ. ಈ ಊರಿನವರು ಆ ಊರಿನಲ್ಲಿ ಆಗಿರಬಹುದು ಎಂದುಕೊಳ್ಳುತ್ತಾರೆ, ಆ ಊರಿನವರು ಈ ಊರಿನಲ್ಲಿ.

ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಈ ದೊಡ್ಡ ಡೋಸನ್ನು ಮಾಮೂಲಾಗಿ ಕೊಡುವಂತಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅವರಿಗೆ ತಾಯಿಯ ಹಾಲೇ ವಿಟಮಿನ್. ಅದರಲ್ಲೂ ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ 'ಎ' ಸಮೃದ್ಧವಾಗಿರುತ್ತದೆ. ಅದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಚೆಲ್ಲಬೇಡಿ. ಬಾಣಂತಿಯರಿಗೆ ದೊಡ್ಡ ಡೋಸ್ ಕೊಡುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2011ರಿಂದ ಶಿಫಾರಸು ಮಾಡುವುದಿಲ್ಲ.

ಚಮಚದಲ್ಲಿದೆ ಗುಟ್ಟು

ಈ ದ್ರಾವಣದ ಬಾಟಲಿಯ ಜತೆಗೆ ಒಂದು ಪ್ಲಾಸ್ಟಿಕ್ ಚಮಚ ಬರುತ್ತದೆ. ಅದರಲ್ಲಿ 1 ಮಿ.ಲೀ. ಮತ್ತು 2 ಮಿ.ಲೀ. ಗುರುತು ಇರುತ್ತದೆ. ಅಳೆಯಬೇಕಾದದ್ದು ಅದರಲ್ಲೇ. ನಮ್ಮ ಮನೆಯ ಟೀ ಚಮಚದಲ್ಲಿ ಸುಮಾರು 5 ಮಿ.ಲೀ. ಹಿಡಿಯುತ್ತದೆ. ಅಂದರೆ 5 ಲಕ್ಷ ಯೂನಿಟ್. 9 ತಿಂಗಳ ಮಗುವಿಗೆ ಇದು ಐದು ಪಾಲು ಹೆಚ್ಚು!

ಇದು ಬರೀ ಹೆದರಿಸುವ ಮಾತಲ್ಲ. 2001ರ ನವೆಂಬರ್‌ನಲ್ಲಿ ಅಸ್ಸಾಂನಲ್ಲಿ ದೊಡ್ಡ ವಿಟಮಿನ್ 'ಎ' ಅಭಿಯಾನ ನಡೆದಾಗ, ವಾಡಿಕೆಯ 2 ಮಿ.ಲೀ. ಚಮಚದ ಬದಲು 5 ಮಿ.ಲೀ. ಹಿಡಿಯುವ ಬಟ್ಟಲುಗಳನ್ನು ಹಂಚಲಾಗಿತ್ತು. ಅನೇಕ ಮಕ್ಕಳು ಅಸ್ವಸ್ಥರಾದರು, ಕೆಲವು ಮಕ್ಕಳು ಸತ್ತ ಸುದ್ದಿಯೂ ಬಂತು. ಸಾವಿಗೆ ವಿಟಮಿನ್ನೇ ಕಾರಣವೇ ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತ ಮೂಡಲಿಲ್ಲ. ಆದರೆ ಅಳತೆಯ ಸಾಧನ ಬದಲಾದರೆ ಎಷ್ಟು ಗೊಂದಲವಾಗಬಹುದು ಎಂಬ ಪಾಠವಂತೂ ದೇಶಕ್ಕೆ ಸಿಕ್ಕಿತು.

ಹಾಗಾಗಿ ಕುಡಿಸುವಾಗ ಪಕ್ಕದಲ್ಲೇ ನಿಂತು ಇಷ್ಟನ್ನು ಗಮನಿಸಿ. ಕೇಳುವುದರಲ್ಲಿ ಸಂಕೋಚ ಬೇಡ, ಒಳ್ಳೆಯ ನರ್ಸಮ್ಮ ಇದಕ್ಕೆ ಬೇಸರಿಸುವುದಿಲ್ಲ.

1. ಬಾಟಲಿಯ ಜತೆ ಬಂದ ಗುರುತಿರುವ ಚಮಚವೇ?
2. ಮಗುವಿನ ವಯಸ್ಸಿಗೆ ತಕ್ಕ ಗುರುತಿನವರೆಗೆ ಮಾತ್ರ ಹಾಕಿದ್ದಾರೆಯೇ?
3. ಬಾಟಲಿಯ ಮೇಲೆ ಮುಗಿಯುವ ತಾರೀಕು ದಾಟಿಲ್ಲ ತಾನೆ? ತೆರೆದ ದಿನವನ್ನು ಬರೆದಿದ್ದಾರೆಯೇ? ತೆರೆದ ಬಾಟಲಿಯನ್ನು 6ರಿಂದ 8 ವಾರದೊಳಗೆ ಮುಗಿಸಬೇಕು. ಬಿಸಿಲಿಗೆ ಇಡಬಾರದು.
4. ಹಿಂದಿನ ಡೋಸ್ ಯಾವಾಗ ಆಯಿತು ಎಂದು ಕೇಳಿದರೇ? ಕೇಳದಿದ್ದರೆ ನೀವೇ ಹೇಳಿ.
5. ಕುಡಿಸಿದ ಮೇಲೆ ಕಾರ್ಡಿನಲ್ಲಿ ತಾರೀಕು ಬರೆದರೇ?

ಪೋಲಿಯೋ ಹನಿಯಲ್ಲ ಇದು

ನಮ್ಮ ಹಳ್ಳಿಗಳಲ್ಲಿ ಬಾಯಿಗೆ ಹಾಕುವ ಔಷಧಿಗೆಲ್ಲ "ಡ್ರಾಪ್ಸ್" ಎಂದೇ ಹೆಸರು. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ "ಹಿಂದೆ ಎಷ್ಟು ಸಲ ಹಾಕಿಸಿದ್ದರೂ ಮತ್ತೆ ಹಾಕಿಸಿ" ಎಂದು ಮೈಕಿನಲ್ಲಿ ಕೂಗಿ ಹೇಳಿದ್ದನ್ನು ಕೇಳುತ್ತ ಬೆಳೆದವರು ನಾವು. ಆ ಮಾತು ಪೋಲಿಯೋ ಹನಿಗೆ ಸರಿ. ಆದರೆ ಜನ ಅದನ್ನೇ ವಿಟಮಿನ್ 'ಎ'ಗೂ ಅನ್ವಯಿಸಿಕೊಂಡಿದ್ದಾರೆ. ಪೋಲಿಯೋ ಲಸಿಕೆ ಎರಡೇ ಹನಿ, ಮತ್ತೆ ಮತ್ತೆ ಹಾಕಿದರೂ ಶರೀರದಲ್ಲಿ ಶೇಖರವಾಗುವುದಿಲ್ಲ. ವಿಟಮಿನ್ 'ಎ' ಚಮಚದಲ್ಲಿ ಕೊಡುವಂಥದ್ದು, ಶೇಖರವಾಗುವಂಥದ್ದು. ಎರಡನ್ನೂ ಒಂದೇ ಎಂದು ತಿಳಿಯಬೇಡಿ. "ಡ್ರಾಪ್ಸ್ ಆಗಿದೆ" ಎಂದಷ್ಟೇ ಹೇಳದೆ ಯಾವುದು ಆಗಿದೆ ಎಂದು ಹೇಳಿ.

ಹೆಚ್ಚಾದರೆ ಏನಾಗುತ್ತದೆ?

ಸರಿಯಾದ ಡೋಸ್ ಕೊಟ್ಟಾಗಲೂ ಕೆಲವು ಮಕ್ಕಳಿಗೆ ಒಂದೆರಡು ದಿನ ವಾಂತಿ, ತಲೆನೋವು, ಕಿರಿಕಿರಿ ಆಗಬಹುದು. ಎಳೆಯ ಮಗುವಿನ ನೆತ್ತಿಯ ಮೆದು ಭಾಗ ಸ್ವಲ್ಪ ಉಬ್ಬಿದಂತೆ ಕಾಣಬಹುದು. ಸಾಮಾನ್ಯವಾಗಿ ಇದು 24ರಿಂದ 48 ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಮತ್ತೆ ಮತ್ತೆ ವಾಂತಿ ಮಾಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಮ್ಮೆಗೇ ಬಹಳ ಹೆಚ್ಚಾಗುವುದು ಒಂದು ಬಗೆ. ತಿಂಗಳುಗಟ್ಟಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಾಗುವುದು ಇನ್ನೊಂದು ಬಗೆ, ಇದು ಕಣ್ಣಿಗೆ ಬೀಳದೆ ಕೆಡುಕು ಮಾಡುತ್ತದೆ. ಚರ್ಮ ಒಣಗುವುದು, ತುಟಿ ಒಡೆಯುವುದು, ಕೂದಲು ಉದುರುವುದು, ಮೂಳೆ-ಸಂದು ನೋವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹಸಿವಾಗದಿರುವುದು, ಕೊನೆಗೆ ಲಿವರ್ ಕೆಡುವುದು. ವಿಪರ್ಯಾಸವೆಂದರೆ ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ ಎಂದು ಇನ್ನಷ್ಟು ವಿಟಮಿನ್ ನುಂಗುವವರಿದ್ದಾರೆ!

ಇದು ಹೊಸದಾಗಿ ಕಂಡುಕೊಂಡ ವಿಷಯವೂ ಅಲ್ಲ. 1597ರಲ್ಲಿ ಉತ್ತರ ಧ್ರುವದ ಹಿಮದಲ್ಲಿ ಸಿಲುಕಿದ ಡಚ್ ನಾವಿಕರು ಬಿಳಿ ಕರಡಿಯ ಲಿವರ್ ಬೇಯಿಸಿ ತಿಂದರು. ಕಾಯಿಲೆ ಬಿದ್ದರು, ಮೈಚರ್ಮ ಸುಲಿದುಹೋಯಿತು. ಆ ಕರಡಿಯ ಲಿವರಿನಲ್ಲಿ ವಿಪರೀತ ವಿಟಮಿನ್ 'ಎ' ಇರುತ್ತದೆ ಎಂದು ಗೊತ್ತಾದದ್ದು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ.

ಬಸುರಿಯರು ಕಡ್ಡಾಯವಾಗಿ ಓದಬೇಕಾದ ಭಾಗ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಬಸುರಿಯ ಶರೀರದಲ್ಲಿ ರೆಟಿನಾಲ್ ರೂಪದ ವಿಟಮಿನ್ 'ಎ' ಮಿತಿಮೀರಿದರೆ ಮಗುವಿನ ತಲೆ, ಮುಖ, ಹೃದಯ, ಮೆದುಳು ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ. ಅಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಮೊದಲೇ. ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ದ್ರಾವಣವನ್ನು ಬಸುರಿಯರು ಯಾವ ಕಾರಣಕ್ಕೂ ಕುಡಿಯಬಾರದು.

ಹಾಗಾದರೆ ಬಸುರಿನಲ್ಲಿ ಇರುಳುಗಣ್ಣು ಬಂದರೆ? ಕೆಲವರಿಗೆ ಕೊನೆಯ ತಿಂಗಳುಗಳಲ್ಲಿ ಬರುತ್ತದೆ. "ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ" ಎಂದು ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿ. ಅವರು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ದಿನಕ್ಕೆ 10,000 ಯೂನಿಟ್, ಇಲ್ಲವೇ ವಾರಕ್ಕೆ 25,000 ಯೂನಿಟ್, ಇದನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 'ಎ' ಕ್ಯಾಪ್ಸೂಲುಗಳಲ್ಲಿ ಒಂದೊಂದರಲ್ಲೇ 25,000, 50,000 ಯೂನಿಟ್ ಇರುವಂಥವೂ ಇವೆ. ಅಂಗಡಿಯವರ ಮಾತು ಕೇಳಿ ಅವನ್ನು ದಿನಕ್ಕೊಂದರಂತೆ ನುಂಗಬೇಡಿ.

ಇನ್ನೊಂದು ಅಪಾಯ ಮೊಡವೆ ಮಾತ್ರೆಯದು. ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ವಿಟಮಿನ್ 'ಎ'ಯ ಸಂಬಂಧಿಯೇ. ಮೊಡವೆಗೆ ಒಳ್ಳೆಯ ಔಷಧಿ ನಿಜ, ಆದರೆ ಬಸುರಿನಲ್ಲಿ ಒಳಗೆ ಹೋದರೆ ಮಗುವಿಗೆ ಬಹಳ ಕೆಟ್ಟದ್ದು. ಇದನ್ನು ತೆಗೆದುಕೊಳ್ಳುವ ಒಂದು ತಿಂಗಳು ಮೊದಲಿನಿಂದ, ನಿಲ್ಲಿಸಿದ ಒಂದು ತಿಂಗಳ ನಂತರದವರೆಗೆ ಬಸುರಾಗಬಾರದು. ಗೆಳತಿಗೆ ಗುಣವಾಯಿತು ಎಂದು ಅವಳ ಮಾತ್ರೆಯನ್ನು ತಂದು ನುಂಗುವುದು, ಅಕ್ಕನ ಮಾತ್ರೆಯನ್ನು ತಂಗಿ ನುಂಗುವುದು ಬೇಡವೇ ಬೇಡ.

ಮಾಂಸ ತಿನ್ನುವ ಮನೆಗಳಲ್ಲಿ ಬಸುರಿಗೆ ಶಕ್ತಿ ಬರಲಿ ಎಂದು ಕುರಿ, ಮೇಕೆಯ ಲಿವರ್ ಕೊಡುವ ವಾಡಿಕೆಯಿದೆ. ಅದರಲ್ಲಿ ಹಲವು ದಿನಗಳಿಗೆ ಸಾಲುವಷ್ಟು ವಿಟಮಿನ್ 'ಎ' ಇರುತ್ತದೆ. ಅಪರೂಪಕ್ಕೆ ಒಂದೆರಡು ತುಂಡು ಬಾಯಿಗೆ ಹೋದರೆ ಹೆದರಬೇಕಿಲ್ಲ. ಆದರೆ ಬಸುರಿಗೆಂದೇ ಮೇಲಿಂದ ಮೇಲೆ ಬಡಿಸುವುದು ಬೇಡ, ಕಬ್ಬಿಣಾಂಶಕ್ಕೆ ಆಸ್ಪತ್ರೆಯ ಮಾತ್ರೆ ಇದೆ.

ಗಲ್ಫ್ ಪೆಟ್ಟಿಗೆ, ಮೀನೆಣ್ಣೆ ಮತ್ತು ಮಿಠಾಯಿ ವಿಟಮಿನ್

ಕಾಸರಗೋಡಿನ ಕಡೆ ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಟ್ಯಾಂಗ್ ಜತೆಗೆ ಒಂದು ಡಬ್ಬಿ ವಿಟಮಿನ್ ಕ್ಯಾಪ್ಸೂಲ್ ಇರುವುದು ಸಾಮಾನ್ಯ. ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೂ ಮನೆಗೆ ಬರುತ್ತದೆ. ಒಂದು ಮಲ್ಟಿವಿಟಮಿನ್, ಒಂದು ಕಾಡ್ ಲಿವರ್ ಎಣ್ಣೆ, ಒಂದು ಕೂದಲಿಗೆ, ಒಂದು ಕಣ್ಣಿಗೆ: ನಾಲ್ಕರಲ್ಲೂ 'ಎ' ಇದ್ದರೆ ಒಟ್ಟು ಎಷ್ಟಾಯಿತು ಎಂದು ಲೆಕ್ಕ ಹಾಕುವವರು ಯಾರು?

ಲೆಕ್ಕ ಕಷ್ಟವೇನಲ್ಲ. ಡಬ್ಬಿಯ ಮೇಲೆ ಐ.ಯು. ಎಂದಿದ್ದರೆ ಅದು ಯೂನಿಟ್. ಎಂ.ಸಿ.ಜಿ. ಎಂದಿದ್ದರೆ ಮೈಕ್ರೋಗ್ರಾಂ. ರೆಟಿನಾಲ್‌ನ 300 ಮೈಕ್ರೋಗ್ರಾಂ ಎಂದರೆ 1,000 ಯೂನಿಟ್. ದೊಡ್ಡವರಿಗೆ ದಿನನಿತ್ಯದ ಗರಿಷ್ಠ ಮಿತಿ 3,000 ಮೈಕ್ರೋಗ್ರಾಂ, ಅಂದರೆ 10,000 ಯೂನಿಟ್. ಇದು ಮಿತಿ, ಗುರಿಯಲ್ಲ. ನಿಜವಾಗಿ ಬೇಕಾದದ್ದು ಗಂಡಸಿಗೆ ದಿನಕ್ಕೆ 1,000, ಹೆಂಗಸಿಗೆ 840 ಮೈಕ್ರೋಗ್ರಾಂ ಮಾತ್ರ, ಅದರಲ್ಲಿ ಊಟದಿಂದ ಸಿಗುವುದೂ ಸೇರಿದೆ. ಹೆಸರಿನ ಕಡೆ ರೆಟಿನಾಲ್, ರೆಟಿನೈಲ್ ಪಾಲ್ಮಿಟೇಟ್, ವಿಟಮಿನ್ 'ಎ' ಅಸಿಟೇಟ್ ಎಂದಿದ್ದರೆ ಅದು ಶೇಖರವಾಗುವ ರೂಪ.

ಮೀನೆಣ್ಣೆಯಲ್ಲೂ ಎರಡು ಬಗೆ. ಮೀನಿನ ಮಾಂಸದಿಂದ ತೆಗೆದ ಒಮೆಗಾ-3 ಎಣ್ಣೆ ಬೇರೆ, ಮೀನಿನ ಲಿವರಿನಿಂದ ತೆಗೆದ ಕಾಡ್ ಲಿವರ್ ಎಣ್ಣೆ ಬೇರೆ. 'ಎ' ಮತ್ತು 'ಡಿ' ತುಂಬಿರುವುದು ಎರಡನೆಯದರಲ್ಲಿ.

ಮಕ್ಕಳಿಗೆಂದು ಬರುವ ಜೆಲ್ಲಿ ಮಿಠಾಯಿಯಂಥ ವಿಟಮಿನ್‌ಗಳನ್ನು ಎತ್ತರದ ಕಪಾಟಿನಲ್ಲಿ ಬೀಗ ಹಾಕಿಡಿ. ಮಗು ಒಂದು ತಿಂದು ರುಚಿ ಕಂಡರೆ ಡಬ್ಬಿ ಖಾಲಿಯಾಗಲು ಹೊತ್ತು ಬೇಕಿಲ್ಲ. ಮಗು ಹೆಚ್ಚು ನುಂಗಿದೆ ಎಂದು ಗೊತ್ತಾದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. 108 ಆಂಬುಲೆನ್ಸ್ ನಮ್ಮ ಎಲ್ಲ ಗಡಿ ರಾಜ್ಯಗಳಲ್ಲೂ ಇದೆ.

ಲಿವರ್ ಕಾಯಿಲೆ ಇರುವವರು, ದಿನಾ ಹೆಂಡ ಕುಡಿಯುವವರು, ಟೆಟ್ರಾಸೈಕ್ಲಿನ್ ಅಥವಾ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ 'ಎ' ಕ್ಯಾಪ್ಸೂಲ್ ಮುಟ್ಟಬಾರದು.

ಬೀಡಿ ಸೇದುವವರಿಗೆ ಒಂದು ಮಾತು

ಗಜ್ಜರಿ, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಬಣ್ಣದಿಂದ ಶರೀರ ತನಗೆ ಬೇಕಾದಷ್ಟೇ ವಿಟಮಿನ್ 'ಎ' ಮಾಡಿಕೊಳ್ಳುತ್ತದೆ. ಹೆಚ್ಚಾದರೆ ಅಂಗೈ, ಅಂಗಾಲು ಹಳದಿಯಾಗಬಹುದು ಅಷ್ಟೆ. ಕಣ್ಣಿನ ಬಿಳಿ ಭಾಗ ಹಳದಿಯಾಗದಿದ್ದರೆ ಅದು ಕಾಮಾಲೆಯಲ್ಲ.

ಆದರೆ ಇದೇ ಬೀಟಾ ಕ್ಯಾರೊಟಿನ್ ಮಾತ್ರೆಯ ರೂಪದಲ್ಲಿ ಬಂದಾಗ ಕತೆ ಬೇರೆಯಾಯಿತು. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಅಧ್ಯಯನವನ್ನು ಅದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೀಡಿ, ಸಿಗರೇಟು ಸೇದುವವರು ಗಜ್ಜರಿ ತಿನ್ನಲಿ, ಮಾತ್ರೆ ನುಂಗುವುದು ಬೇಡ. ಎಲ್ಲಕ್ಕಿಂತ ಒಳ್ಳೆಯದು ಬೀಡಿ ಬಿಡುವುದು.

ಹಿತ್ತಲಿನಲ್ಲೇ ಇದೆ ಔಷಧಿ

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ವಿಷಯದಲ್ಲಿ ಮಾತ್ರ ಹಿತ್ತಲ ಗಿಡವೇ ಮದ್ದು. ನುಗ್ಗೆ ಸೊಪ್ಪು ಕಾಸರಗೋಡಿನಲ್ಲಿ ಮುರಿಂಗಯಿಲ, ತಾಳವಾಡಿಯಲ್ಲಿ ಮುರುಂಗೈ ಕೀರೈ, ರಾಯದುರ್ಗದಲ್ಲಿ ಮುನಗಾಕು, ಸೊಲ್ಲಾಪುರದಲ್ಲಿ ಶೇವಗ್ಯಾಚಾ ಪಾಲಾ. ಎಲ್ಲ ಕಡೆಯೂ ಪುಕ್ಕಟೆ. ಹರಿವೆ, ದಂಟು, ಪಾಲಕ್, ಮೆಂತ್ಯ, ಕರಿಬೇವು, ಹಣ್ಣಾದ ಪರಂಗಿ, ಮಾವು, ಗಜ್ಜರಿ, ಕರಾವಳಿಯವರು ಚೀನಿಕಾಯಿ ಎನ್ನುವ ಸಿಹಿಕುಂಬಳ ಇವೆಲ್ಲ ಒಳ್ಳೆಯವೇ. ಮೊಟ್ಟೆಯ ಹಳದಿ, ಹಾಲು, ತುಪ್ಪದಲ್ಲಿ ನೇರವಾಗಿ ವಿಟಮಿನ್ 'ಎ' ಇದೆ. '+ಎಫ್' ಗುರುತಿರುವ ಅಡುಗೆ ಎಣ್ಣೆ ಮತ್ತು ಹಾಲಿನಲ್ಲಿ 'ಎ' ಮತ್ತು 'ಡಿ' ಬೆರೆಸಿರುತ್ತಾರೆ.

ಒಂದೇ ಷರತ್ತು. ಎಣ್ಣೆಯ ಅಂಶವಿಲ್ಲದೆ ಇದು ಮೈಗೆ ಹತ್ತುವುದಿಲ್ಲ. ಬರೀ ನೀರಿನಲ್ಲಿ ಬೇಯಿಸಿದ ಸೊಪ್ಪಿಗಿಂತ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದ ಪಲ್ಯ ಅಥವಾ ಬಸ್ಸಾರು ಉತ್ತಮ. ಕೂಸಿಗೆ ಊಟ ಕಲಿಸುವಾಗ ಅನ್ನಕ್ಕೆ ನುಣ್ಣಗೆ ಮಾಡಿದ ಸೊಪ್ಪು, ಅರ್ಧ ಚಮಚ ತುಪ್ಪ ಸೇರಿಸಿ.

2016-18ರಲ್ಲಿ ನಡೆದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಶೇ. 18ರಷ್ಟು ಮಂದಿಗೆ ವಿಟಮಿನ್ 'ಎ' ಕೊರತೆಯಿತ್ತು. ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿರುವುದರಿಂದ ಎಲ್ಲ ಮಕ್ಕಳಿಗೂ ದೊಡ್ಡ ಡೋಸ್ ಬೇಕೇ, ಕೊರತೆಯಿರುವ ಕಡೆ ಮಾತ್ರ ಸಾಕೇ ಎಂದು ವಿಜ್ಞಾನಿಗಳು ಚರ್ಚಿಸುತ್ತಿದ್ದಾರೆ. ಆ ಚರ್ಚೆಯನ್ನು ಹಿಡಿದುಕೊಂಡು ಮನೆಯಲ್ಲಿ ಕುಳಿತು ಡೋಸ್ ತಪ್ಪಿಸುವುದು ಸರಿಯಲ್ಲ. ಪಟ್ಟಿಯಂತೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಇದು ಸುರಕ್ಷಿತ.

ಕೆಲವು ಪ್ರಶ್ನೆ, ಕೆಲವು ಉತ್ತರ

ಒಂದೇ ತಿಂಗಳ ಅಂತರದಲ್ಲಿ ಎರಡು ಕಡೆ ಕುಡಿಸಿಬಿಟ್ಟೆವು, ಏನು ಮಾಡುವುದು?
ಗಾಬರಿ ಬೇಡ. ಎರಡು ಡೋಸ್‌ಗಳ ನಡುವೆ ಕನಿಷ್ಠ ಒಂದು ತಿಂಗಳಾದರೂ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಬೇಗ ಆಗಿದ್ದರೆ ಮಗುವನ್ನು ಡಾಕ್ಟರಿಗೆ ತೋರಿಸಿ. ಎರಡೂ ತಾರೀಕನ್ನು ಕಾರ್ಡಿನಲ್ಲಿ ಬರೆಸಿ, ಮುಂದಿನದನ್ನು ಎರಡನೆಯ ತಾರೀಕಿನಿಂದ ಆರು ತಿಂಗಳಿಗೆ ಲೆಕ್ಕ ಹಾಕಿ.

ಒಂದು ಡೋಸ್ ತಪ್ಪಿಹೋಯಿತು. ಮುಂದಿನ ಸಲ ಎರಡು ಚಮಚ ಕುಡಿಸಬಹುದೇ?
ಖಂಡಿತ ಕೂಡದು. ತಪ್ಪಿದ್ದು ತಪ್ಪಿತು. ಮುಂದಿನ ಅವಕಾಶದಲ್ಲಿ ವಯಸ್ಸಿಗೆ ತಕ್ಕ ಒಂದೇ ಡೋಸ್ ಕೊಡಿಸಿ, ಅಲ್ಲಿಂದ ಆರು ತಿಂಗಳು ಎಣಿಸಿ.

ದಡಾರ ಬಂದ ಮಗುವಿಗೆ ಆಸ್ಪತ್ರೆಯಲ್ಲಿ ಎರಡು ದಿನ ಸತತ ಕೊಟ್ಟರು. ಇದು ಹೆಚ್ಚಾಗಲಿಲ್ಲವೇ?
ಇಲ್ಲ. ದಡಾರಕ್ಕೆ ಹಾಗೆಯೇ ಕೊಡಬೇಕು. ಅದು ಚಿಕಿತ್ಸೆ, ಅಂಗನವಾಡಿಯದು ಮುನ್ನೆಚ್ಚರಿಕೆ. ಆದರೆ ಕೊಟ್ಟ ವಿಷಯ ಕಾರ್ಡಿನಲ್ಲಿ ದಾಖಲಾಗಬೇಕು. ಕೊಡುವ ನಿರ್ಧಾರ ಡಾಕ್ಟರದು, ಮನೆಯವರದಲ್ಲ.

ಇರುಳುಗಣ್ಣಿಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಕಣ್ಣಿಗೆ ಬಿಡಬಹುದೇ?
ಬೇಡ. ಸೊಪ್ಪು ಹೋಗಬೇಕಾದದ್ದು ಹೊಟ್ಟೆಗೆ, ಕಣ್ಣಿಗಲ್ಲ. ಕಣ್ಣಿಗೆ ಬಿಟ್ಟರೆ ಹುಣ್ಣಾಗಬಹುದು. ಕರಿಗುಡ್ಡೆ ಮಂಜಾದಂತೆ ಕಂಡರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ.

ಕಾರ್ಡು ಒಂದೇ ಇರಲಿ

ಕೊನೆಗೆ ಗಡಿಯವರಿಗೆಂದೇ ಒಂದು ಮಾತು. ಮಗುವಿನ ಕಾರ್ಡು ಮಲಯಾಳದಲ್ಲಿರಲಿ, ತಮಿಳಿನಲ್ಲಿರಲಿ, ಮರಾಠಿ ತೆಲುಗಿನಲ್ಲಿರಲಿ, ಆಚೆ ರಾಜ್ಯದ ನರ್ಸಮ್ಮನಿಗೆ ಆ ಅಕ್ಷರ ಓದಲು ಬರದೆ ಇರಬಹುದು. ಆದರೆ ಅಂಕಿಯಲ್ಲಿ ಬರೆದ ತಾರೀಕು ಎಲ್ಲರಿಗೂ ಅರ್ಥವಾಗುತ್ತದೆ. ಎರಡೂ ಭಾಷೆ ಬಲ್ಲ ನಾವು ಪಕ್ಕದಲ್ಲಿ ನಿಂತು ಓದಿ ಹೇಳಬಹುದು. ತವರಿಗೆ ಹೊರಟಾಗ ಚೀಲದಲ್ಲಿ ಮಗುವಿನ ಅಂಗಿ, ಟೊಪ್ಪಿಗೆಯ ಜತೆ ಆ ಕಾರ್ಡನ್ನೂ ಇಡಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಮಗುವಿನ ಅಪ್ಪನ ಹತ್ತಿರ ಒಂದು, ಅಜ್ಜಿಯ ಮನೆಯಲ್ಲಿ ಒಂದು ಇರಲಿ. ಆ ಊರಿನಲ್ಲಿ ಹೊಸ ಕಾರ್ಡು ಮಾಡಿಕೊಡುತ್ತೇವೆ ಎಂದರೆ ಹಳೆಯದರ ತಾರೀಕುಗಳನ್ನೆಲ್ಲ ಅದಕ್ಕೆ ಇಳಿಸಿಕೊಡಲು ಹೇಳಿ.

ಅಜ್ಜಿಯಂದಿರಿಗೂ ಹೇಳಿಡಿ. ಆಶಾ ಬಂದು ಕೇಳಿದರೆ ಮೊದಲು ತಾಯಿಯನ್ನು ಕೊಟ್ಟಿಗೆಯಿಂದ ಕರೆಯಲಿ, ಆಮೇಲೆ ಮಗುವನ್ನು ಎತ್ತಿ ಕೊಡಲಿ.

(ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಅಥವಾ ಮಗುವಿನ ಚಿಕಿತ್ಸೆಯ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ.)